ಪಾಲಿಗೆ ಬಾರದ ವಾಚು

ಪಾಲುಪಟ್ಟಿ ಬರೆಯುವಾಗ ನಮ್ಮ ಜನಕ್ಕೆ ಮೈಯೆಲ್ಲ ಕಣ್ಣು. ತೋಟ ಎಷ್ಟು ಗುಂಟೆ, ಅದರಲ್ಲಿ ಫಲ ಬಿಡುವ ತೆಂಗು ಎಷ್ಟು, ಎಳೆ ಸಸಿ ಎಷ್ಟು, ಬಾವಿಯ ನೀರು ವಾರದ ಯಾವ ದಿನ ಯಾರಿಗೆ, ಹಿತ್ತಲ ಹುಣಸೆಯನ್ನು ಯಾರು ಬಡಿಸಿಕೊಳ್ಳಬೇಕು, ಹಿತ್ತಾಳೆ ಹಂಡೆ, ತಾಮ್ರದ ಕೊಳಗ, ಕಿವಿ ಮುರಿದ ಬೋಗುಣಿ, ಎಲ್ಲಕ್ಕೂ ಅದರಲ್ಲಿ ಒಂದೊಂದು ಸಾಲುಂಟು. ಕೈಗಡಿಯಾರಕ್ಕೆ ಮಾತ್ರ ಇರುವುದಿಲ್ಲ. ಚಿನ್ನದ್ದಾಗಿದ್ದರೆ ತೂಕಕ್ಕಾದರೂ ಬರುತ್ತಿತ್ತು. ಕ್ರೋಮಿಯಂ ಬಳಿದ, ಬೆಲ್ಟು ಬೆವರಿಗೆ ಬಿರಿದ, ಯಾವಾಗಲೋ ನಿಂತುಹೋದ ವಾಚನ್ನು ಯಾವ ಕಾಲಂನಲ್ಲಿ ಬರೆಯುವುದು? ಕನ್ನಡಕ, ಹಲ್ಲುಸೆಟ್ಟು, ನಶ್ಯದ ಡಬ್ಬಿಗಳ ಸಾಲಿಗೆ ಸೇರುವ ವಸ್ತು ಅದು. ಹಂಚಿಕೊಳ್ಳಲು ತೀರಾ ಅಗ್ಗ, ಬಿಸಾಡಲು ಕೈ ಬಾರದು. ಹಾಗಾಗಿ ಬೀರುವಿನ ಒಳಖಾನೆಗೆ ಹೋಗುತ್ತದೆ, ಹಳೆಯ ಪಾಸ್‌ಬುಕ್ಕುಗಳ ಕೆಳಗೆ.

ನಮ್ಮ ತಾತನ ಎಚ್‌ಎಂಟಿ ಜನತಾ ಹಾಗೆ ಹೋಗಿತ್ತು. ಅದು ಅವರಿಗೆ ಮದುವೆಯಲ್ಲಿ ಮಾವನ ಮನೆಯವರು ಕೊಟ್ಟದ್ದು. ಅಜ್ಜಿ ಇದನ್ನು ಜನ್ಮದಲ್ಲಿ ಮರೆಯಲಿಲ್ಲ. ಮನೆಯಲ್ಲಿ ಎಂಥ ಮಾತು ಬಂದರೂ, "ಕೈಗೆ ಕಟ್ಕೊಂಡಿರೋದು ನಮ್ಮಪ್ಪ ಕೊಟ್ಟ ವಾಚು" ಎಂದು ಒಂದೇ ಏಟಿಗೆ ಮುಗಿಸಿಬಿಡುತ್ತಿದ್ದರು. ತಾತ ತಿಪಟೂರಿನ ಆಚೆ ತೆಂಗು ಬೆಳೆದುಕೊಂಡು ಬದುಕಿದವರು. ತೆಂಗಿನ ಮರಕ್ಕೆ ಗಂಟೆ ಎಷ್ಟಾದರೇನು? ಅಟ್ಟದ ಮೇಲಿನ ಕೊಬ್ಬರಿ ಆಗಲು ಹತ್ತು ಹನ್ನೊಂದು ತಿಂಗಳು ಬೇಕು. ಅದರ ಲೆಕ್ಕಕ್ಕೆ ನಿಮಿಷದ ಮುಳ್ಳು ಬೇಡ. ಆದರೂ ದಿನಾ ಬೆಳಿಗ್ಗೆ ಕೀ ಕೊಡುತ್ತಿದ್ದರು. ರೇಡಿಯೋದಲ್ಲಿ ಆರು ಐವತ್ತೈದಕ್ಕೆ ದೆಹಲಿಯಿಂದ ಸಂಸ್ಕೃತ ವಾರ್ತೆ ಶುರುವಾಗುವ ಹೊತ್ತಿಗೆ ವಾಚು ಅಂಗೈಯಲ್ಲಿರುತ್ತಿತ್ತು. ಬಲದೇವಾನಂದ ಸಾಗರರ ಕಂಠ ಬಂತೆಂದರೆ ಮುಳ್ಳನ್ನು ಕೂದಲೆಳೆಯಷ್ಟು ಹಿಂದಕ್ಕೋ ಮುಂದಕ್ಕೋ ಸರಿಸುವರು. ಸುದ್ದಿ ಒಂದಕ್ಷರ ತಿಳಿಯುತ್ತಿರಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ.

ಈ ನಿಷ್ಠೆಗೆ ಒಂದು ಉಪಯೋಗವಿತ್ತು. ಸುತ್ತಮುತ್ತಲ ಮದುವೆಗಳಲ್ಲಿ ಧಾರೆಯ ಹೊತ್ತಿಗೆ ಪುರೋಹಿತರು ತಲೆಯೆತ್ತಿ, "ಈಗ ಗಂಟೆ ಎಷ್ಟ್ರೀ?" ಎಂದು ಕೇಳಿದರೆ ಐದಾರು ಕೈಗಳು ಮೇಲೇಳುತ್ತಿದ್ದವು, ಐದಾರು ಟೈಮು ಬರುತ್ತಿತ್ತು. ಹಿಂದೆ ಇದೇ ಕೆಲಸಕ್ಕೆ ಘಳಿಗೆ ಬಟ್ಟಲು ಇಡುತ್ತಿದ್ದರಂತೆ. ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಘಳಿಗೆ, ಅಂದರೆ 24 ನಿಮಿಷ. ಬಟ್ಟಲು ಸುಳ್ಳು ಹೇಳುತ್ತಿರಲಿಲ್ಲ. ವಾಚುಗಳು ಬಂದ ಮೇಲೆ ಮುಹೂರ್ತಕ್ಕೇ ಮತಭೇದ ಬಂತು. ಕೊನೆಗೆ ಪುರೋಹಿತರ ಕಣ್ಣು ತಾತನ ಕಡೆ ಹೊರಳುತ್ತಿತ್ತು. ಅವರು ವಾಚನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು, ಹಾಗಾಗಿ ಏನನ್ನೋ ಬೇಡುವವರ ರೀತಿ ಅಂಗೈ ಮೇಲೆ ಮಾಡಿ ನೋಡಿ, "ಇನ್ನು ಮೂರು ನಿಮಿಷ" ಎನ್ನುವರು. ವಾಲಗದವರೂ ಅದಕ್ಕೇ ಕಾಯುವರು.

ತುಮಕೂರು, ಹಾಸನದ ಕಡೆಯ ಮನೆಗಳಲ್ಲಿ ಹಿರಿಯರು ಬಿಟ್ಟುಹೋದ ವಾಚು ಎಂದರೆ ಬಹುಪಾಲು ಎಚ್‌ಎಂಟಿಯೇ. ಅದಕ್ಕೆ ಮುಂಚೆ ವಾಚೆಂದರೆ ಸ್ವಿಸ್ ಮಾಲು: ವೆಸ್ಟ್ ಎಂಡ್, ಫಾವ್ರ್ ಲೂಬಾ, ಅದು ಪಟೇಲರ ಕೈಯಲ್ಲೋ ಅಮಲ್ದಾರರ ಕೈಯಲ್ಲೋ ಇರುತ್ತಿತ್ತು. 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ವಾಚು ಮಾಡತೊಡಗಿದ ಮೇಲೆ ಅದು ಮೇಷ್ಟರ ಕೈಗೆ, ಗುಮಾಸ್ತರ ಕೈಗೆ, ಮದುಮಕ್ಕಳ ಕೈಗೆ ಬಂತು. ಮುಂದೆ ತುಮಕೂರಿನಲ್ಲೇ ಒಂದು ಕಾರ್ಖಾನೆ ಎದ್ದಿತು. ಸೈಕಲ್ಲು, ರೇಡಿಯೋ, ವಾಚು ಎಂಬ ಮೂರು ಮದುವೆ ಮಾತುಕತೆಯ ಮಾಮೂಲಿ ಕಲಮುಗಳಾದವು. ಟೈಟಾನಿನವರ ಕ್ವಾರ್ಟ್ಜ್ ಬಂದು ಕೀ ಕೊಡುವ ತಾಪತ್ರಯವೇ ತಪ್ಪಿದ ಮೇಲೆ ಈ ಕಡೆಯ ವೈಭವ ಇಳಿಯುತ್ತ ಹೋಗಿ, 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯಲ್ಲಿ ಈಗ ಅದರ ಮ್ಯೂಸಿಯಂ ಇದೆ.

ಕಂಪನಿ ಮುಚ್ಚಿದ್ದೇ ತಡ, ಹಳೆಯ ಎಚ್‌ಎಂಟಿಗೆ ಬೆಲೆ ಬಂತು ಎಂಬ ಸುದ್ದಿ ಹಬ್ಬಿತು. ನಮ್ಮ ಚಿಕ್ಕಪ್ಪನಿಗೆ ಇಂಥ ಸುದ್ದಿಗಳು ಎಲ್ಲಿಂದಲೋ ಬಂದು ಮುಟ್ಟುತ್ತವೆ. "ಲಕ್ಷಗಟ್ಟಲೆ ಕೊಡ್ತಾರಂತೆ ಕಣೋ, ಫಾರಿನ್ನೋರು. ಒಂದ್ಸಲ ಕೇಳಿಸ್ಕೊಂಡು ಬಾ, ಕೇಳೋಕೇನು ಕಾಸೇ?" ಎಂದರು. ಬೀರುವಿನಿಂದ ತೆಗೆದು ಕಿವಿಗಿಟ್ಟರೆ ಸದ್ದಿಲ್ಲ. ಕೀ ತಿರುಗಿಸಿದರೆ ಗರಗರ ಎಂದಿತು, ಮುಳ್ಳು ಮಾತ್ರ ಕದಲಲಿಲ್ಲ.

ತುಮಕೂರಿನ ಪೇಟೆಯಲ್ಲಿ ಒಂದು ಮಹಡಿ ಮೆಟ್ಟಿಲಿನ ಕೆಳಗೆ ವಾಚು ರಿಪೇರಿಯ ಯಜಮಾನರೊಬ್ಬರು ಕೂರುತ್ತಾರೆ. ಅಂಗಡಿ ಎಂದರೆ ಗಾಜಿನ ಮುಚ್ಚಳದ ಒಂದು ಮೇಜು, ಒಂದು ಬಲ್ಬು, ಗೋಡೆಗೆ ನೇತುಬಿಟ್ಟ ಬೆಲ್ಟುಗಳು. ದಿನದ ಗಿರಾಕಿಗಳೆಲ್ಲ ಸೆಲ್ ಹಾಕಿಸಿಕೊಳ್ಳಲು ಬರುವವರೇ. ನಾನು ಕೊಟ್ಟ ವಾಚನ್ನು ಹಿಂದೆ ಮುಂದೆ ತಿರುಗಿಸಿ ನೋಡಿದವರು ಏನಾಗಿದೆ ಎಂದು ಕೇಳಲಿಲ್ಲ. "ಓಡಿಸೋಕಾ, ಮಾರೋಕಾ?" ಎಂದರು.

ಎರಡಕ್ಕೂ ಏನು ವ್ಯತ್ಯಾಸ ಎಂದೆ.

"ಮಾರೋದಾದ್ರೆ ನಾನು ಮುಟ್ಟಲ್ಲ, ಹಂಗೇ ತಗೊಂಡೋಗಿ. ಓಡಿಸೋದಾದ್ರೆ ಬಿಟ್ಟೋಗಿ."

ಆ ಗಳಿಗೆಗೆ ಅದು ಕೆಲಸ ತಪ್ಪಿಸಿಕೊಳ್ಳುವ ಉಪಾಯವೆನಿಸಿತು. ಆಮೇಲೆ ನೋಡಿದರೆ ಹಳೆಯ ವಾಚಿನ ವ್ಯವಹಾರವೆಲ್ಲ ಆ ಒಂದು ಪ್ರಶ್ನೆಯಲ್ಲೇ ಇದೆ. ಓಡಬೇಕಾದರೆ ಬಿಚ್ಚಬೇಕು, ತೊಳೆಯಬೇಕು, ಸವೆದದ್ದನ್ನು ಬದಲಿಸಬೇಕು. ಬೆಲೆ ಬರಬೇಕಾದರೆ ಯಾರೂ ಕೈ ಹಚ್ಚಿರಬಾರದು. "ಓಡಿಸೋಕೇ" ಎಂದೆ. ಸ್ಟೂಲು ಎಳೆದುಕೊಟ್ಟರು.

ಮೊದಲು ಹಿಂದಿನ ಮುಚ್ಚಳ ತೆಗೆದರು. ಅದರ ಒಳಮೈ ನನ್ನ ಕಡೆ ಹಿಡಿದು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನೂ ಕೊಟ್ಟರು. ಬರಿಗಣ್ಣಿಗೆ ನುಣ್ಣಗೆ ಕಂಡ ಉಕ್ಕಿನ ಮೇಲೆ ಸೂಜಿಮೊನೆಯಿಂದ ಗೀರಿದ ಅಂಕಿಗಳು. ಒಂದು ಕಡೆ 12-71. ಅದರ ಕೆಳಗೆ ಬೇರೆ ಕೈಯಲ್ಲಿ 5-76, ಪಕ್ಕದಲ್ಲಿ ಒಂದು ಅಡ್ಡಗೆರೆ. ಅಂಚಿನಲ್ಲಿ ಕನ್ನಡದ ಅಂಕಿಗಳಲ್ಲೇ ಇನ್ನೊಂದು, ದುಂಡಗೆ, ಶಾನುಭೋಗರ ಬರಹದ ಹಾಗೆ. ರಿಪೇರಿಯವರು ಸರ್ವಿಸ್ ಮಾಡಿದಾಗೆಲ್ಲ ಹೀಗೆ ಗುರುತು ಹಾಕುವ ಪದ್ಧತಿ ಇದೆಯಂತೆ. ನಾಳೆ ಗಿರಾಕಿ ಬಂದು "ಹೋದ ತಿಂಗಳು ತಾನೇ ಮಾಡಿಸಿದ್ದು" ಎಂದು ಜಗಳ ತೆಗೆದರೆ ಇದು ಸಾಕ್ಷಿ. ಕಟ್ಟಿಕೊಂಡವನಿಗೆ ಎಂದೂ ಕಾಣದ ದಫ್ತರ. ಯಜಮಾನರು ಅದನ್ನು ಓದಿದರು: "ಮೊದಮೊದಲು ನಾಲ್ಕೈದು ವರ್ಷಕ್ಕೊಂದ್ಸಲ ಬಿಚ್ಚಿಸವ್ರೆ. ಸರಿಯಾದ ಮನುಷ್ಯ. 98ರಿಂದ ಈಚೆಗೆ ಯಾರೂ ತೆಗೆದಿಲ್ಲ." ತಾತನಿಗೆ ಮಂಡಿ ನೋವು ಶುರುವಾಗಿ ಪೇಟೆಗೆ ಬರುವುದು ನಿಂತದ್ದೂ ಹೆಚ್ಚುಕಡಿಮೆ ಆಗಲೇ. ಡಾಕ್ಟರ ಚೀಟಿಗಳು ಹೇಳದ ತಾರೀಖನ್ನು ವಾಚಿನ ಮುಚ್ಚಳ ಹೇಳಿತು.

ಮುಂದಿನ ಕೆಲಸ ನೋಡುವಂಥದು. ಸ್ಪ್ರಿಂಗಿನಲ್ಲಿ ಉಳಿದ ಬಿಗಿಯನ್ನು ಮೆಲ್ಲನೆ ಇಳಿಸಿದರು. ಇಳಿಸದೆ ಸ್ಕ್ರೂ ಬಿಚ್ಚಿದರೆ ಚಕ್ರಗಳು ಗಿರ್ರನೆ ತಿರುಗಿ ಹಲ್ಲು ಮುರಿದುಕೊಳ್ಳುತ್ತವಂತೆ. ಆಮೇಲೆ ಬ್ಯಾಲೆನ್ಸ್ ಚಕ್ರ, ಅದರ ಜೊತೆಗೇ ಹೇರ್‌ಸ್ಪ್ರಿಂಗು. ಚಿಮಟದ ತುದಿಯಿಂದ ತೂಗಿದ ಆ ಸುರುಳಿ ಉಸಿರು ತಾಗಿದರೂ ನಡುಗುತ್ತಿತ್ತು. ಅಂಗಡಿಯ ಫ್ಯಾನು ಆರಿಸಿದ್ದೇಕೆಂದು ಆಗ ತಿಳಿಯಿತು. ಒಂದೊಂದೇ ಚಕ್ರ, ಒಂದೊಂದೇ ಸ್ಕ್ರೂ ಬಿಚ್ಚಿ ಪೆಟ್ರೋಲಿನ ಬಟ್ಟಲಿಗೆ ಹಾಕಿದರು. ಪೆಟ್ರೋಲು ಕಾಫಿ ಬಣ್ಣಕ್ಕೆ ತಿರುಗಿತು. ವಾಚು ಹಾಳಾಗುವುದು ಓಡಿ ಓಡಿ ಎಂದು ನಾನು ಎಣಿಸಿದ್ದೆ. ಸುಮ್ಮನೆ ಇಟ್ಟರೂ ಹಾಳಾಗುತ್ತದೆ. ಎಣ್ಣೆ ಒಣಗಿ ಅಂಟಾಗುತ್ತದೆ. ಅಂಟಿನಲ್ಲೇ ಎಳೆದಾಡಿದರೆ ಚಕ್ರದ ಮೊನೆಗಳು ಸವೆಯುತ್ತವೆ. ನಮ್ಮದರಲ್ಲಿ ಮೊನೆಗಳು ಚೆನ್ನಾಗಿದ್ದವು. ಕೆಟ್ಟದ್ದು ಕೀ ಕಡ್ಡಿ, ಬೆವರು ಇಳಿದು ತುಕ್ಕು ಹಿಡಿದಿತ್ತು. ತೆಂಗಿನಕಾಯಿ ಸುಲಿಯುವ ಕೈ, ಕೇಳಬೇಕೇ.

ಕಡ್ಡಿಗೆ ಎಲ್ಲಿ ಹೋಗುವುದು? ಕಾರ್ಖಾನೆಯೇ ಇಲ್ಲ. ಯಜಮಾನರು ಮೇಜಿನ ಕೆಳಗಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದು ಬೋರಲು ಹಾಕಿದರು. ಡಯಲ್ ಹೋದವು, ಮುಳ್ಳು ಹೋದವು, ಗಾಜು ಒಡೆದವು, ಎಲ್ಲ ಎಚ್‌ಎಂಟಿಗಳೇ. ಯಾರ್ಯಾರೋ ಬಿಟ್ಟು ಹೋದವು, ಪಾರ್ಟ್ಸಿಗೆಂದು ಕೊಂಡವು. ಅದರಲ್ಲೊಂದರ ಕಡ್ಡಿ ನಮ್ಮದಕ್ಕೆ ಕೂತಿತು. ಕೋಟಿಗಟ್ಟಲೆ ತಯಾರಾದ ವಾಚಿನ ಅನುಕೂಲ ಇದು: ಅಪರೂಪದ್ದಲ್ಲ, ಅದಕ್ಕೇ ಬದುಕುತ್ತದೆ. ಊರಿಗೊಂದೇ ಇರುವ ಸ್ವಿಸ್ ವಾಚು ಕೆಟ್ಟರೆ ಪೆಟ್ಟಿಗೆಯಲ್ಲಿ ಮಲಗಬೇಕು.

ತೊಳೆದು ಒಣಗಿಸಿದ ಚಕ್ರಗಳನ್ನು ಕೂರಿಸುವಾಗ ಕೆಂಪು ಕಲ್ಲುಗಳು ಕಂಡವು. ಡಯಲ್ಲಿನ ಮೇಲೆ ಬರೆದಿರುವ 17 ಜ್ಯುವೆಲ್ಸ್ ಇವೇ. ರಿಪೇರಿಯವರು ವಾಚಿನ ಕಲ್ಲು ಕದಿಯುತ್ತಾರೆಂಬ ಗುಮಾನಿ ನಮ್ಮೂರಲ್ಲಿ ಬಲವಾಗಿತ್ತು. ತಾತ ಕೂಡ ರಿಪೇರಿ ಮುಗಿಯುವವರೆಗೆ ಕೂತೇ ಇರುತ್ತಿದ್ದರಂತೆ. ಅವು ಮಾಣಿಕ್ಯವೇ ನಿಜ, ಆದರೆ ಕುಲುಮೆಯಲ್ಲಿ ಬೆಳೆದವು. ಫ್ರಾನ್ಸಿನ ವೆರ್ನೂಯ್ ಎಂಬ ರಸಾಯನ ವಿಜ್ಞಾನಿ ಅಲ್ಯೂಮಿನಾ ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ ಮೇಲೆ ಗಡಿಯಾರದ ಕಲ್ಲಿಗೆ ಒಡವೆಯ ಬೆಲೆ ಉಳಿಯಲಿಲ್ಲ. ತಿರುಗುವ ಉಕ್ಕಿನ ಮೊನೆಗೆ ಸವೆಯದ ಗೂಡು ಬೇಕು, ಅಷ್ಟಕ್ಕೇ ಅವು. ಹದಿನೇಳನ್ನೂ ಕದ್ದರೆ ಕಳ್ಳನಿಗೆ ಕಾಫಿ ದುಡ್ಡೂ ಹುಟ್ಟದು. "ನಮ್ಮಪ್ಪನ ಕಾಲದಿಂದ ಈ ಮಾತು ಕೇಳ್ತಾನೇ ಇದೀವಿ ಸಾರ್," ಎಂದು ಯಜಮಾನರು ನಕ್ಕರು. "ಎಣಿಸ್ಕೊಳ್ಳಿ."

ಎಣ್ಣೆ ಹಾಕುವುದು ಕೊನೆಗೆ. ಸೂಜಿಯಂಥ ಕಡ್ಡಿಯ ತುದಿಗೆ ಎಷ್ಟು ಅಂಟುತ್ತದೋ ಅಷ್ಟೇ. ಹೆಚ್ಚಾದರೆ ಹರಡಿ ಬೇಡದ ಕಡೆ ಹೋಗಿ ಕೂರುತ್ತದೆ. ಬ್ಯಾಲೆನ್ಸ್ ಚಕ್ರವನ್ನು ಮರಳಿ ಇಟ್ಟು, ಕೀಯನ್ನು ಎರಡು ಸುತ್ತು ಕೊಟ್ಟದ್ದೇ, ಯಾರೂ ತಳ್ಳದೆ ಅದು ಆಡತೊಡಗಿತು. ಸೆಕೆಂಡಿಗೆ ಐದು ಏಟು, ಗಂಟೆಗೆ 18,000. ನನಗೆ ಲೆಕ್ಕ ಹಾಕುವ ಚಟ. ದಿನಕ್ಕೆ ಎಷ್ಟಾಯಿತು ಎಂದು ನೋಡಿದರೆ 4,32,000. ಪಂಚಾಂಗ ತಿರುವಿ ಹಾಕಿದವರಿಗೆ ಈ ಸಂಖ್ಯೆ ಹೊಸದಲ್ಲ, ಕಲಿಯುಗಕ್ಕೆ ಹೇಳುವ ವರ್ಷಗಳು ಅಷ್ಟೇ. ಏಟಿಗೊಂದು ವರ್ಷ ಹಿಡಿದರೆ ತಾತ ದಿನಾ ಬೆಳಿಗ್ಗೆ ಒಂದೊಂದು ಕಲಿಯುಗಕ್ಕೆ ಕೀ ಕೊಟ್ಟು ತೋಟಕ್ಕೆ ಹೋಗುತ್ತಿದ್ದರು ಎಂದಾಯಿತು.

ದಿನಕ್ಕೆ ಅರ್ಧ ನಿಮಿಷ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ, ಹತ್ತು ಹದಿನೈದು ನಿಮಿಷ ಮುಂದೆ ಓಡಿದರೆ ಮಾತ್ರ ತನ್ನಿ ಎಂದರು ಯಜಮಾನರು. ಹಾಗೆ ಓಡುವುದು ಅಯಸ್ಕಾಂತದ ಕಾಟವಂತೆ. ಸ್ಪೀಕರಿನ ಹತ್ತಿರವೋ, ಅಯಸ್ಕಾಂತದ ಮುಚ್ಚಳವಿರುವ ಫೋನ್ ಕವರಿನ ಮೇಲೋ ಇಟ್ಟರೆ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗು ಗಿಡ್ಡವಾದಂತಾಗಿ ವಾಚು ಎದ್ದೂಬಿದ್ದೂ ಓಡುತ್ತದೆ. ಆ ಅಯಸ್ಕಾಂತ ಗುಣ ಕಳೆಯುವ ಯಂತ್ರದ ಮೇಲೆ ಒಂದು ಸಲ ಆಡಿಸಿದರೆ ಸರಿಹೋಗುತ್ತದೆ.

ಇಷ್ಟು ಆದ ಮೇಲೆ ಚಿಕ್ಕಪ್ಪನ ಪ್ರಶ್ನೆಯನ್ನು ಇಟ್ಟೆ. ಯಜಮಾನರು ಮೊದಲು ನೋಡಿದ್ದು ಡಯಲ್ಲು. ಬಿಳಿಯಿದ್ದದ್ದು ಕೆನೆ ಬಣ್ಣಕ್ಕೆ ತಿರುಗಿದೆ, ಆರರ ಹತ್ತಿರ ಬೆವರಿನ ಕಲೆ ಕಂದಿದೆ. ನಾನೇ ಮುಂದಾಗಿ, ಇದಕ್ಕೊಂದು ಬಣ್ಣ ಹೊಡೆಸಿದರೆ ಹೇಗೆ ಎಂದೆ. ಅವರು ಫೋನು ತೆಗೆದು ಮಾರಾಟಕ್ಕಿಟ್ಟ ಜನತಾಗಳ ಚಿತ್ರ ತೋರಿಸಿದರು: ಗಿಣಿಹಸಿರು, ಕಿತ್ತಳೆ, ನೀಲಿಯ ಮೇಲೆ ಹಳದಿ. ಕಾರ್ಖಾನೆ ಕನಸಿನಲ್ಲೂ ಕಾಣದ ಬಣ್ಣಗಳು. ಹಳೆಯ ಯಂತ್ರಕ್ಕೆ ಹೊಸ ಬಣ್ಣ ಬಳಿದು ಮಾರುವ ಇಂಥ ಮಾಲಿಗೆ 'ಬಾಂಬೆ ಸ್ಪೆಷಲ್' ಎಂಬ ಅಡ್ಡಹೆಸರಿದೆ. ಹತ್ತಿರ ಹಿಡಿದು ನೋಡಿದರೆ ಗುಟ್ಟು ಬಯಲು. ಅಕ್ಷರದ ಅಂಚು ಒದ್ದೆ ಕಾಗದದ ಮೇಲೆ ಬರೆದಂತೆ ಹರಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರ ಬಂದಿರುವುದಿಲ್ಲ, ಮುಳ್ಳುಗಳು ಬೇರೆ ಮಾಡೆಲ್ಲಿನವು. "ಕಲೆ ಇದ್ರೆ ರೇಟು ಇಳಿಯುತ್ತೆ. ಬಣ್ಣ ಹೊಡೆದ್ರೆ ರೇಟೇ ಇರಲ್ಲ."

ಉಳಿದ ಅಂಗಗಳಿಗೂ ಹೀಗೇ ಲೆಕ್ಕ. ಬೆಲ್ಟು ಸಿಕ್ಕಿಸುವ ಕೊಂಬುಗಳಲ್ಲಿ ಕ್ರೋಮಿಯಂ ಹೋಗಿ ಹಿತ್ತಾಳೆ ಇಣುಕಿದೆ, ಅದಕ್ಕೊಂದಿಷ್ಟು ಕಡಿತ. ಪಾಲಿಷ್ ಹೊಡೆಸಿ ಮೂಲೆಗಳನ್ನು ಮೊಂಡು ಮಾಡಿಲ್ಲ, ಅದಕ್ಕೆ ಭೇಷ್. ಗಾಜು ಪ್ಲಾಸ್ಟಿಕ್ಕಿನದು, ಗೀರುಗಳನ್ನು ಹಲ್ಲುಪೇಸ್ಟಿನಿಂದ ಮನೆಯಲ್ಲೇ ಉಜ್ಜಿ ತೆಗೆಯಬಹುದು, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಬೇರೆ ವಾಚಿನ ಕಡ್ಡಿ ಹಾಕಿದ್ದಕ್ಕೆ ಮತ್ತೆ ಕಡಿತ, ಅದೇ ಕಡ್ಡಿಯಿಂದ ವಾಚು ಓಡುತ್ತಿದ್ದರೂ. ಮಾತಿನ ನಡುವೆ ಅವರು ಒಂದು ಎಚ್ಚರಿಕೆ ಕೊಟ್ಟರು: ಹಳೆಯ ಸ್ವಿಸ್ ವಾಚುಗಳ ಮುಳ್ಳಿನಲ್ಲಿ ಕತ್ತಲೆಗೆ ಹೊಳೆಯುತ್ತಿದ್ದ ಬಣ್ಣ ನಿಜವಾದ ರೇಡಿಯಂ ಆಗಿರಬಹುದು. ಹೊಳಪು ನಿಂತಿದ್ದರೂ ಅದರ ವಿಕಿರಣ ಸಾವಿರಾರು ವರ್ಷ ಇರುತ್ತದೆ, ಚಂದ ಮಾಡುತ್ತೇನೆಂದು ಕೆರೆಯಬಾರದು, ಪುಡಿ ಊದಬಾರದು.

ಹಾಗಾದರೆ ಲಕ್ಷ ಎಣಿಸುವವರು ಯಾವುದಕ್ಕೆ ಎಣಿಸುತ್ತಾರೆ? ಕೈಗೇ ಕಟ್ಟದ್ದಕ್ಕೆ. ಡಬ್ಬಿ, ಗ್ಯಾರಂಟಿ ಚೀಟಿ, ದರದ ಪಟ್ಟಿ ಸಮೇತ ಯಾವುದೋ ಗೋದಾಮಿನಲ್ಲಿ ಉಳಿದ ಮಾಲಿಗೆ ಒಳ್ಳೆಯ ದರವಿದೆ, ಲಕ್ಷವಲ್ಲದಿದ್ದರೂ. ಅಂದರೆ ಮಾವ ಕೊಟ್ಟ ದಿನವೇ ತಾತ ಅದನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದರೆ ನಮಗೆ ಲಾಭವಿತ್ತು. ಅವರು ಅದನ್ನು ದಿನಾ ಕಟ್ಟಿಕೊಂಡು, ಬೆವರು ಕುಡಿಸಿ, ಊರವರ ಮುಹೂರ್ತ ಕಾದು ಅದರ ಬೆಲೆ ಕಳೆದರು. ಸಂಗ್ರಹಕಾರರ ಈ ತರ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ತಿನ್ನದೆ ಇಟ್ಟ ಹಪ್ಪಳಕ್ಕೆ ಬಹುಮಾನ ಕೊಡುವ ಊರಲ್ಲಿ ನನಗೇನು ಕೆಲಸ?

ಸವೆದದ್ದಕ್ಕೂ ಬೆಲೆ ಬರುವುದುಂಟು, ಅದಕ್ಕೆ ಕಟ್ಟಿದ ಕೈ ದೊಡ್ಡದಿರಬೇಕು. ಗಾಂಧೀಜಿಯವರ ಜೆನಿತ್ ಜೇಬುಗಡಿಯಾರ, ಕನ್ನಡಕ, ಚಪ್ಪಲಿ, ಊಟದ ಬಟ್ಟಲು ತಟ್ಟೆಗಳನ್ನು 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗಿಟ್ಟಾಗ ಅವನ್ನು 18 ಲಕ್ಷ ಡಾಲರಿಗೆ ಕೂಗಿಸಿಕೊಂಡವರು ನಮ್ಮ ಬೆಂಗಳೂರಿನ ವಿಜಯ್ ಮಲ್ಯ. ಹೆಂಡದ ದುಡ್ಡಿನಿಂದ ಗಾಂಧಿಯ ಗಡಿಯಾರ ಬಿಡಿಸಿಕೊಂಡದ್ದನ್ನು ಆಗ ಜನ ಸಾಕಷ್ಟು ಆಡಿಕೊಂಡರು. ಅಲ್ಲಿ ಸವಕಲಿಗೇ ಬೆಲೆ, ಪಾಲಿಷ್ ಹೊಡೆಸಿದ್ದರೆ ಗಾಂಧಿ ಅಷ್ಟು ಕಡಿಮೆಯಾಗುತ್ತಿದ್ದರು. ನಮ್ಮ ವಾಚನ್ನು ಹರಾಜಿಗಿಟ್ಟರೆ, ಧಾರೆಯ ಹೊತ್ತು ನೋಡಿ ಹೇಳುತ್ತಿದ್ದವರ ಕೈಯಲ್ಲಿತ್ತು ಎಂದು ಸರ್ಟಿಫಿಕೇಟು ಬರೆದುಕೊಡುವವರು ಯಾರು? ಆ ಮದುವೆಗಳ ಗಂಡುಗಳೇ ಈಗ ಷಷ್ಟ್ಯಬ್ದಿ ದಾಟಿದ್ದಾರೆ.

ಯಜಮಾನರು ಕೊನೆಗೂ ಒಂದು ಅಂಕಿ ಹೇಳಿದರು. ಅದು ಅವರ ಸರ್ವಿಸ್ ಚಾರ್ಜಿಗೆ ಅಷ್ಟಕ್ಕಷ್ಟೇ ಆಯಿತು. "ನಾನೇ ತಗೊಂಡ್ರೆ ಇನ್ನೂ ಕಮ್ಮಿ. ನನಗೆ ಪಾರ್ಟ್ಸಿನ ಲೆಕ್ಕ" ಎಂದು ಬಿಸ್ಕತ್ತಿನ ಡಬ್ಬಿ ಕಡೆ ಗೋಣು ಹಾಕಿದರು. ಮುಚ್ಚಳ ಹಾಕುವ ಮುಂಚೆ ಸೂಜಿ ತೆಗೆದುಕೊಂಡು ಅದರ ಒಳಮೈಗೆ ತಿಂಗಳು, ವರ್ಷ ಗೀರಿದರು.

ಮನೆಗೆ ಬಂದು ಚಿಕ್ಕಪ್ಪನಿಗೆ ಫೋನಿನಲ್ಲಿ ಬೆಲೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಇಷ್ಟೇನಾ? ಹಾಗಾದ್ರೆ ನನಗೇ ಕೊಟ್ಬಿಡು, ಅಪ್ಪನ ಕೈಯಲ್ಲಿದ್ದದ್ದು" ಎಂದರು. ಸಂಜೆಯೊಳಗೆ ದೊಡ್ಡಪ್ಪನ ಮಗ ಫೋನು ಮಾಡಿದ, ತಾತ ತನ್ನನ್ನೇ ಹೆಗಲ ಮೇಲೆ ಕೂರಿಸಿಕೊಂಡು ಕೀ ಕೊಡಿಸುತ್ತಿದ್ದರು ಎಂದ. ಮರುದಿನ ಬೆಳಿಗ್ಗೆ ಸೋದರತ್ತೆ: "ಅದು ನಮ್ಮಮ್ಮನ ತೌರಿನ ವಾಚು ಕಣಪ್ಪ. ಹೆಣ್ಣು ಮಕ್ಕಳಿಗೆ ಬರಬೇಕಾದ್ದು." ಲಕ್ಷ ಬರಬಹುದೆಂಬ ಆಸೆ ಇರುವ ತನಕ ಮಾರಿ ಹಂಚಿಕೊಳ್ಳೋಣ ಎನ್ನುತ್ತಿದ್ದವರು, ಏನೂ ಹುಟ್ಟದೆಂದು ಗೊತ್ತಾದ ಕೂಡಲೇ ಹಕ್ಕುದಾರರಾದರು. ಅತ್ತೆಯ ವಾದದಲ್ಲಿ ಅಜ್ಜಿಯ ದನಿಯೇ ಇತ್ತು, ಎದುರಾಡುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ, ವರ್ಷಕ್ಕೊಬ್ಬರ ಮನೆಯಲ್ಲಿರುವುದು, ಪಿತೃಪಕ್ಷಕ್ಕೆ ಎಲ್ಲರೂ ಸೇರಿದಾಗ ಕೈ ಬದಲಾಗುವುದು, ಸರ್ವಿಸ್ ಬಂದರೆ ಆ ವರ್ಷದವರದೇ ಖರ್ಚು, ಬಣ್ಣ ಹೊಡೆಸುವಂತಿಲ್ಲ ಎಂದು ತೀರ್ಮಾನವಾಯಿತು. ಪಾಲುಪಟ್ಟಿಯ ಹಿಂಬದಿಯ ಖಾಲಿ ಹಾಳೆಯಲ್ಲಿ ಚಿಕ್ಕಪ್ಪ ಇದನ್ನು ಬರೆದೂ ಇಟ್ಟಿದ್ದಾರೆ. ಮೊದಲ ವರ್ಷ ಅತ್ತೆಯದು. ಅವರ ಮಣಿಕಟ್ಟು ಸಣ್ಣದು, ಬೆಲ್ಟಿಗೆ ಇನ್ನೆರಡು ತೂತು ಹೊಡೆಸಿಕೊಂಡು ಬಾ ಎಂದು ನನಗೇ ಹೇಳಿದ್ದಾರೆ.